ರಾತ್ರಿ ಯಾರ ಮನೆಯಲ್ಲಿ: ಕಬ್ಬಿನ ಹಂಗಾಮಿಗೆ ಮುಂಚೆ ಗೊತ್ತಾಗಿದ್ದ ಒಂದು ಮದುವೆಯ ಪ್ರಕರಣ ಅಧ್ಯಯನ

ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭೀಮಾ ನದಿಯಿಂದ ಹೆಚ್ಚು ದೂರವಿಲ್ಲದ ಒಂದು ಲಂಬಾಣಿ ತಾಂಡಾದಲ್ಲಿ 14 ವರ್ಷದ ಬಾಲಕಿಯೊಬ್ಬಳ ಮದುವೆ ಗೊತ್ತಾಗಿದೆಯೆಂದೂ, ದೀಪಾವಳಿಯೊಳಗೆ ಅಕ್ಷತೆ ಬಿದ್ದು ಹುಡುಗ ಹುಡುಗಿ ಇಬ್ಬರೂ ಕಬ್ಬು ಕಡಿಯಲು ಹೋಗಲಿದ್ದಾರೆಂದೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದದ್ದು ಸೀಗಿ ಹುಣ್ಣಿಮೆ ಕಳೆದ ವಾರದಲ್ಲಿ. ಕರೆ ಮಾಡಿದವರು ತಮ್ಮ ಹೆಸರು ಹೇಳಲಿಲ್ಲ. ಹೇಳಬೇಕೆಂಬ ನಿಯಮವೂ ಇಲ್ಲ. ಮಾಹಿತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬಂದು, ಆ ಭಾಗದ ಹಳ್ಳಿಗಳನ್ನು ಸುತ್ತುವ ಕ್ಷೇತ್ರ ಕಾರ್ಯಕರ್ತೆಯಾದ ನನ್ನ ಕೈಗೆ ಸೇರಿತು. ಮಗುವಿನ ಗುರುತು ಹೊರಬೀಳುವ ಯಾವ ವಿವರವನ್ನೂ ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುವುದರಿಂದ ತಾಂಡಾದ ಹೆಸರು, ತಾಲ್ಲೂಕು, ವರ್ಷ ಇವುಗಳನ್ನು ಇಲ್ಲಿ ಬಿಟ್ಟಿದ್ದೇನೆ, ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣದ ನಡೆ ಮಾತ್ರ ಇದ್ದ ಹಾಗೆಯೇ ಇದೆ.

ಮಾಹಿತಿಯಲ್ಲಿ ಮೊದಲು ಗಮನ ಸೆಳೆದದ್ದು ಮದುವೆಯ ಹೊತ್ತು. ಈ ಭಾಗದ ಹೆಚ್ಚಿನ ಸಮುದಾಯಗಳಲ್ಲಿ ತುಳಸಿ ಲಗ್ನ ಮುಗಿಯುವ ತನಕ ಮದುವೆ ಹಿಡಿಯುವುದಿಲ್ಲ. ಬಾಲ್ಯವಿವಾಹದ ಕರೆಗಳು ಹೆಚ್ಚಾಗಿ ಬರುವುದು ಬೇಸಿಗೆಯಲ್ಲಿ, ಬಸವ ಜಯಂತಿಯ ದಿನವೇ ಬರುವ ಅಕ್ಷಯ ತೃತೀಯದ ಹಿಂದೆಮುಂದೆ. ಮುಹೂರ್ತವಿಲ್ಲದ ದಿನಗಳಲ್ಲಿ ಯಾರಾದರೂ ಅವಸರದಿಂದ ಮದುವೆ ಮಾಡುತ್ತಿದ್ದಾರೆಂದರೆ ಅದರ ಕಾರಣವನ್ನು ಪಂಚಾಂಗದಲ್ಲಿ ಹುಡುಕಬಾರದು, ಕಬ್ಬಿನ ಗ್ಯಾಂಗಿನ ಲೆಕ್ಕದಲ್ಲಿ ಹುಡುಕಬೇಕು. ಸಾಂಗ್ಲಿ, ಕೊಲ್ಹಾಪುರದ ಕಡೆಯ ಸಕ್ಕರೆ ಕಾರ್ಖಾನೆಗಳು ನವೆಂಬರ್ ಹೊತ್ತಿಗೆ ಕಬ್ಬು ನುರಿಸಲು ತೊಡಗುತ್ತವೆ. ಅಲ್ಲಿಗೆ ಹೋಗುವ ಗಂಡ ಹೆಂಡತಿಯ ಜೋಡಿಯನ್ನು ಒಂದು ಕೊಯ್ತಾ ಎಂದು ಲೆಕ್ಕ ಹಿಡಿಯುತ್ತಾರೆ. ಮುಂಗಡ ಸಿಗುವುದು ಜೋಡಿಗೆ, ಕೂಲಿ ಸಿಗುವುದು ಟನ್ನಿಗೆ. ಒಬ್ಬನೇ ಹೋದವನು ಅರ್ಧ ಕೊಯ್ತಾ. ಅವನು ಕಡಿದ ಕಬ್ಬನ್ನು ಸೋಸಿ, ಸಿವುಡು ಕಟ್ಟಿ, ಹೊತ್ತು ಗಾಡಿಗೆ ಹಾಕುವ ಇನ್ನೊಂದು ಜೊತೆ ಕೈ ಇಲ್ಲದೆ ಈ ಕೆಲಸ ಸಾಗುವುದಿಲ್ಲ.

ಮೊದಲ ಭೇಟಿ

ಗಡಿಯ ತಾಂಡಾಗಳಿಗೆ ಇಲಾಖೆಯ ಜೀಪಿನಲ್ಲಿ ಹೋಗಬಾರದೆಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಬೇಗನೆ ತಿಳಿಯುತ್ತದೆ. ಬಾಗಿಲ ಮೇಲೆ ಇಲಾಖೆಯ ಹೆಸರು ಬರೆದ ಗಾಡಿ ಹನುಮಪ್ಪನ ಗುಡಿಯ ಮುಂದೆ ನಿಂತರೆ ಯಾರ ಮನೆಗೆ ಬಂದಿದೆಯೆಂಬುದು ಅರ್ಧ ತಾಸಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಮತ್ತು ಹುಡುಗಿಯನ್ನು ಅದೇ ರಾತ್ರಿ ನದಿಯಾಚೆಯ ಸೊಲ್ಲಾಪುರ ಜಿಲ್ಲೆಯ ನೆಂಟರ ಮನೆಗೆ ದಾಟಿಸಿಬಿಡುತ್ತಾರೆ. ಪೊಲೀಸರು ಮೊದಲು ಹೋದರೂ ಇದೇ ಗತಿ. ಆದ್ದರಿಂದ ಠಾಣೆಗೂ ಬಾಲ್ಯವಿವಾಹ ನಿಷೇಧಾಧಿಕಾರಿಯೂ ಆಗಿರುವ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೂ ಲಿಖಿತವಾಗಿ ತಿಳಿಸಿ, ಮೊದಲ ಭೇಟಿಗೆ ನಾನು ಮತ್ತು ಅಂಗನವಾಡಿ ಕಾರ್ಯಕರ್ತೆ ಇಬ್ಬರೇ ಹೋಗುವುದೆಂದು ತೀರ್ಮಾನವಾಯಿತು. ಈ ತೀರ್ಮಾನವನ್ನು ಒಪ್ಪದವರು ನಮ್ಮಲ್ಲಿಯೇ ಇದ್ದರು: ಮದುವೆ ಇಷ್ಟು ಹತ್ತಿರವಿರುವಾಗ ಸಮವಸ್ತ್ರವಿಲ್ಲದೆ ಹೋಗುವುದು ಸಾಹಸವೆಂದು ಅವರ ವಾದ. ನದಿ ಇಷ್ಟು ಹತ್ತಿರವಿಲ್ಲದಿದ್ದರೆ ನಾನೂ ಅದನ್ನು ಒಪ್ಪುತ್ತಿದ್ದೆ.

ಹೋಗುವ ಹೊತ್ತನ್ನೂ ಆರಿಸಿಕೊಳ್ಳಬೇಕಾಗುತ್ತದೆ. ಹಗಲಿನಲ್ಲಿ ತಾಂಡಾದಲ್ಲಿ ಮುದುಕರು ಮತ್ತು ಚಿಕ್ಕ ಮಕ್ಕಳ ಹೊರತು ಯಾರೂ ಇರುವುದಿಲ್ಲ. ದ್ರಾಕ್ಷಿ ತೋಟಕ್ಕೆ, ನಿಂಬೆ ತೋಟಕ್ಕೆ, ತೊಗರಿ ಹೊಲಕ್ಕೆ ಕೂಲಿಗೆ ಹೋದವರು ಮರಳುವುದು ದೀಪ ಹಚ್ಚುವ ಹೊತ್ತಿಗೆ, ಅಷ್ಟರಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋಗುವ ಕೊನೆಯ ಬಸ್ಸು ಹೊರಟಿರುತ್ತದೆ. ಹೀಗಾಗಿ ಬಸ್ಸಿಳಿದು ಟಂಟಂ ಹಿಡಿದು ಸಂಜೆಗೆ ತಾಂಡಾ ಸೇರಿ, ರಾತ್ರಿ ಹತ್ತಿರದ ದೊಡ್ಡ ಊರಿನಲ್ಲಿ ಉಳಿದು, ಬೆಳಗ್ಗೆ ಶಾಲೆಯ ಹೊತ್ತಿಗೆ ಮತ್ತೆ ಬರುವುದೆಂದು ವ್ಯವಸ್ಥೆ ಮಾಡಿಕೊಂಡೆವು. ತಾಂಡಾ ಸುತ್ತುವ ಕಾರ್ಯಕರ್ತೆಯರಿಗೆ ರಾತ್ರಿ ತಂಗುವ ಭತ್ಯೆಯ ಪ್ರಶ್ನೆ ಒಂದು ಪ್ರತ್ಯೇಕ ಲೇಖನಕ್ಕಾಗುವಷ್ಟಿದೆ. ಇಲ್ಲಿ ಅದು ಬೇಡ.

ಮನೆಯಲ್ಲಿ ತಂದೆ, ತಾಯಿ, ಅಜ್ಜಿ, ಬಾಲಕಿ, 9 ವರ್ಷದ ತಮ್ಮ ಮತ್ತು ಎರಡು ತುಂಬದ ಒಂದು ಕೂಸು ಇದ್ದರು. ಹಿರಿಯ ಮಗಳ ಮದುವೆ ಮೊದಲೇ ಆಗಿತ್ತು. ಮದುವೆಯ ಮಾತನ್ನು ಯಾರೂ ಮುಚ್ಚಿಡಲಿಲ್ಲ. ಹುಡುಗಿಗೆ 18 ತುಂಬಿದೆಯೆಂದು ತಂದೆ ಆಧಾರ್ ಕಾರ್ಡು ತಂದು ತೋರಿಸಿದರು.

ವಯಸ್ಸಿನ ಪ್ರಶ್ನೆ

ಆ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿತ್ತು. ದಾಖಲೆಯಿಲ್ಲದೆ ಬಾಯಿಮಾತಿನಿಂದ ಬರೆಸಿದ ಕಾರ್ಡುಗಳಲ್ಲಿ ಈ ತಾರೀಖು ಸಾಮಾನ್ಯ. ವಯಸ್ಸನ್ನು ಹೇಗೆ ನಿರ್ಧರಿಸಬೇಕೆಂಬುದಕ್ಕೆ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಒಂದು ಕ್ರಮವನ್ನು ಹಾಕಿಕೊಟ್ಟಿದೆ: ಮೊದಲು ಶಾಲೆ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಈ ಕ್ರಮದಲ್ಲಿ ಆಧಾರ್‌ಗೆ ಜಾಗವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಂದು ರಸ್ತೆ ಅಪಘಾತದ ಪರಿಹಾರದ ಪ್ರಕರಣದಲ್ಲಿ ಇದೇ ಕಲಮನ್ನು ಉಲ್ಲೇಖಿಸಿ, ಆಧಾರ್ ಕಾರ್ಡಿಗಿಂತ ಶಾಲೆಯ ದಾಖಲೆಯನ್ನೇ ವಯಸ್ಸಿಗೆ ಒಪ್ಪಬೇಕೆಂದು ಹೇಳಿದೆ. ಆದರೆ ತಾಂಡಾದ ಅಂಗಳದಲ್ಲಿ ಕುಳಿತು ಕಲಮುಗಳನ್ನು ಓದಿ ಹೇಳುವುದರಿಂದ ಏನೂ ಆಗುವುದಿಲ್ಲ. ಸರ್ಕಾರವೇ ಕೊಟ್ಟ ಕಾರ್ಡನ್ನು ಸರ್ಕಾರದ ಕಡೆಯಿಂದ ಬಂದವರೇ ನಂಬುವುದಿಲ್ಲವೆಂದರೆ ಹೇಗೆ ಎಂದು ತಂದೆ ಕೇಳಿದ್ದು ಸಹಜವೇ ಆಗಿತ್ತು.

ಮರುದಿನ ಶಾಲೆಯ ದಾಖಲಾತಿ ವಹಿಯಲ್ಲಿ ನೋಡಿದಾಗ ಬಾಲಕಿಗೆ 14 ತುಂಬಿ ನಾಲ್ಕು ತಿಂಗಳಾಗಿತ್ತು. ಅದಕ್ಕಿಂತ ಗಟ್ಟಿಯಾದ ಕಾಗದವೊಂದು ಮನೆಯಲ್ಲೇ ಇತ್ತು, ಅದನ್ನು ನೆನಪಿಸಿದವರು ಅಂಗನವಾಡಿ ಕಾರ್ಯಕರ್ತೆ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳ ಇಬ್ಬರು ಹೆಣ್ಣುಮಕ್ಕಳಿಗೆ ರಾಜ್ಯ ಸರ್ಕಾರ 2006ರಲ್ಲಿ ತಂದ ಭಾಗ್ಯಲಕ್ಷ್ಮಿ ಯೋಜನೆಯಡಿ ಈ ಎರಡನೆಯ ಮಗಳ ಹೆಸರಿನಲ್ಲಿ ಬಾಂಡ್ ಬಂದಿತ್ತು, ಮತ್ತು ಆ ಬಾಂಡಿಗೆ ಹೆಸರು ಹಚ್ಚುವಾಗ ಜನನ ಪ್ರಮಾಣಪತ್ರ ಕೊಡಲೇಬೇಕಾಗಿತ್ತು. ಅಜ್ಜಿ ಟ್ರಂಕಿನ ತಳದಿಂದ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಅದನ್ನು ತೆಗೆದು ಕೊಟ್ಟರು. ಶಾಲೆಯ ತಾರೀಖಿಗೂ ಅದರ ತಾರೀಖಿಗೂ ಒಂದು ದಿನದ ವ್ಯತ್ಯಾಸವೂ ಇರಲಿಲ್ಲ. 18 ತುಂಬುವ ಮೊದಲು ಮದುವೆಯಾದರೆ ಬಾಂಡಿನ ಹಣ, ಅಂದರೆ ಸುಮಾರು ಒಂದು ಲಕ್ಷ ರೂಪಾಯಿ, ಸಿಗುವುದಿಲ್ಲವೆಂಬ ಷರತ್ತು ಕುಟುಂಬಕ್ಕೆ ಮರೆತೇ ಹೋಗಿತ್ತು. ವಯಸ್ಸಿನ ವಾದ ಅಲ್ಲಿಗೆ ಮುಗಿಯಿತು. ಹಣದ ಆಸೆಯಿಂದ ಮುಗಿಯಿತೆಂದು ನಾನು ಭಾವಿಸುವುದಿಲ್ಲ. ತಾವೇ ಜೋಪಾನ ಮಾಡಿದ ಕಾಗದವನ್ನು ತಾವೇ ಸುಳ್ಳೆನ್ನಲು ಅವರಿಗೆ ಮನಸ್ಸು ಬರಲಿಲ್ಲ.

ಬಾಲಕಿಯ ಮಾತು

ಒಂದೇ ಕೋಣೆಯ ಮನೆಗಳ ತಾಂಡಾದಲ್ಲಿ ಮಗುವಿನೊಡನೆ ಏಕಾಂತದಲ್ಲಿ ಮಾತಾಡುವುದೇ ಕಷ್ಟದ ಕೆಲಸ. ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅಂಗನವಾಡಿ ಕಟ್ಟಡವನ್ನು ಅದಕ್ಕೆ ಬಳಸಿಕೊಂಡೆವು. ಬಾಲಕಿಗೆ ಕನ್ನಡ ಬರುತ್ತಿತ್ತು, ಆದರೆ ಭಯದ ಮಾತು, ನಾಚಿಕೆಯ ಮಾತು ಅವಳಿಗೆ ಬರುತ್ತಿದ್ದದ್ದು ಲಂಬಾಣಿಗರ ಮನೆಮಾತಾದ ಗೋರ್‌ಬೋಲಿಯಲ್ಲಿ. ಆ ಭಾಷೆಯಿಂದ ನನಗೆ ತಿಳಿಸಿ ಹೇಳಲು ಮನೆಯವರನ್ನಾಗಲಿ ಅದೇ ತಾಂಡಾದವರನ್ನಾಗಲಿ ಕೂರಿಸುವಂತಿಲ್ಲ. ಯಾರು ಯಾರಿಗೆ ಸಂಬಂಧವೆಂದು ಹೇಳಲು ಬರುವುದಿಲ್ಲ. ಬೇರೆ ತಾಂಡಾದ ಅಂಗನವಾಡಿ ಸಹಾಯಕಿಯೊಬ್ಬರು ಬಂದರು, ಮತ್ತು ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದನ್ನು ಅವರಿಗೆ ಮೊದಲೇ ತಿಳಿಸಲಾಗಿತ್ತು.

ಅವಳು ಮದುವೆ ಬೇಡವೆಂದಳು. ಅದರೊಂದಿಗೆ, ತಾಂಡಾದಲ್ಲಿ ಉಳಿಯುವುದೂ ಬೇಡವೆಂದಳು. ಹಿಂದಿನ ಹಂಗಾಮುಗಳಲ್ಲಿ ತಂದೆತಾಯಿಯ ಜೊತೆ ಅವಳು ಕಬ್ಬಿನ ಹೊಲದ ಗುಡಿಸಲಿಗೆ ಹೋಗಿದ್ದಳು. ನಸುಕಿನಲ್ಲಿ ರೊಟ್ಟಿ ಬಡಿದು, ನೀರು ತಂದು, ಕೂಸನ್ನು ಹಗಲಿಡೀ ನೋಡಿಕೊಂಡು, ಅವ್ವ ಹೊಲದಿಂದ ಬಂದ ಮೇಲೆ ಮಲಗುತ್ತಿದ್ದಳು. ಒಂದು ವರ್ಷ ಮಾತ್ರ ಅವಳನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟು ಹೋಗಿದ್ದರು. ಆ ಮನೆಗೆ ಇನ್ನೊಮ್ಮೆ ಹೋಗುವುದಿಲ್ಲವೆಂದು ಅವಳು ಬಾರಿಬಾರಿಗೆ ಹೇಳಿದಳು. ಇಂಥ ಮಾತನ್ನು ಕೇಳಿಸಿಕೊಂಡು ಸುಮ್ಮನೆ ಮುಂದೆ ಹೋಗುವಂತಿಲ್ಲ, ಹಾಗೆಂದು ಒಂದೇ ಕೂಟದಲ್ಲಿ ಎಲ್ಲವನ್ನೂ ಕೆದಕಿ ಕೇಳುವಂತೆಯೂ ಇಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದ್ದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯವಾಗುತ್ತಿತ್ತು, ಮತ್ತು ಪ್ರಕರಣದ ದಿಕ್ಕೇ ಬೇರೆಯಾಗುತ್ತಿತ್ತು. ಘಟಕದ ಆಪ್ತಸಮಾಲೋಚಕಿ ಬೇರೆ ದಿನಗಳಲ್ಲಿ ಅವಳೊಡನೆ ಮಾತಾಡಿದ ಮೇಲೆ ತಿಳಿದದ್ದು ಇಷ್ಟು: ರಾತ್ರಿ ಕುಡಿದು ಬರುವವರು ಆ ಮನೆಯಲ್ಲಿ ಸೇರುತ್ತಿದ್ದರು, ಬಾಗಿಲಿಗೆ ಅಗಳಿ ಇರಲಿಲ್ಲ, ಅವಳು ಎಷ್ಟೋ ರಾತ್ರಿ ಅಜ್ಜಿಯ ಕಾಲಬುಡದಲ್ಲಿ ಬಂದು ಮಲಗಿದ್ದಳು. ಅಜ್ಜಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ.

ತಂದೆತಾಯಿಗೂ ಇದೆಲ್ಲ ಗೊತ್ತಿತ್ತು. ಮದುವೆಯನ್ನು ಅವರು ನೋಡಿದ್ದು ಇದೇ ಕಡೆಯಿಂದ. ಎರಡನೆಯ ಸಂಜೆ ತಂದೆ ಕೇಳಿದ ಪ್ರಶ್ನೆಯನ್ನು ನಾನು ವರದಿಯಲ್ಲಿ ಅವರದೇ ಮಾತಿನಲ್ಲಿ ಬರೆದೆ: "ಮದಿವಿ ಬ್ಯಾಡ ಅಂತೀರಿ, ಬಿಡ್ರಿ. ನಾವು ಯುಗಾದಿ ತನಕ ಕಬ್ಬಿನಾಗ ಇರ್ತೀವಿ. ಹುಡಿಗಿ ರಾತ್ರಿ ಯಾರ ಮನ್ಯಾಗ ಮಕ್ಕೋಬೇಕ್ರಿ ಅಕ್ಕಾರ?"

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣ ಇರುವುದು ಈ ಪ್ರಶ್ನೆಯಲ್ಲಿ. ಬಾಲ್ಯವಿವಾಹಕ್ಕೆ ಅನಕ್ಷರತೆ, ಮೂಢನಂಬಿಕೆ, ಸಂಪ್ರದಾಯ ಎಂದು ನಮೂನೆಯ ಕಾರಣಗಳನ್ನು ಬರೆಯುವುದು ನಮ್ಮ ವರದಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಇಲ್ಲಿ ಸಂಪ್ರದಾಯ ಏನನ್ನೂ ಮಾಡಿರಲಿಲ್ಲ. ತುಳಸಿ ಲಗ್ನದ ತನಕವೂ ಕಾಯದ ಮದುವೆ ಅದು. ಗುಡಿಸಲಿನಲ್ಲಿ ಬೆಳೆದ ಮಗಳನ್ನು ಇಟ್ಟುಕೊಳ್ಳುವ ಭಯ, ತಾಂಡಾದಲ್ಲಿ ಬಿಟ್ಟು ಹೋಗುವ ಭಯ, ಜೋಡಿಗೆ ಸಿಗುವ ಮುಂಗಡ ಈ ಮೂರೂ ಒಂದೇ ಕಡೆಗೆ ದೂಡಿದ್ದವು. ಹಾಗಾಗಿ ಮದುವೆಯನ್ನು ತಡೆಯುವುದು ಅರ್ಧ ಕೆಲಸ, ನವೆಂಬರಿನಿಂದ ಮಾರ್ಚಿನವರೆಗೆ ಆ ಮಗು ಮಲಗುವ ಜಾಗವನ್ನು ಗೊತ್ತುಮಾಡುವುದು ಉಳಿದರ್ಧ ಎಂದು ವರದಿಯ ಮೊದಲ ಪುಟದಲ್ಲೇ ಬರೆದೆ.

ಮುಚ್ಚಳಿಕೆ ಮತ್ತು ತಡೆಯಾಜ್ಞೆ

ಸಾಮಾನ್ಯವಾಗಿ ಇಂಥ ಪ್ರಕರಣ ಮುಗಿಯುವುದು ಮುಚ್ಚಳಿಕೆಯಲ್ಲಿ. 18 ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು ತಂದೆತಾಯಿಯಿಂದ ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿ, ಪಂಚರ ಸಹಿ ಹಾಕಿಸಿ, ಫೋಟೋ ತೆಗೆದರೆ ಮದುವೆ ತಡೆದ ಲೆಕ್ಕಕ್ಕೆ ಒಂದು ಸೇರುತ್ತದೆ. ಮುಚ್ಚಳಿಕೆ ಬೇಡವೆಂದು ನಾನು ಹೇಳುವುದಿಲ್ಲ, ಇಲ್ಲಿಯೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಮುಂದೆ ಅದನ್ನು ಬರೆಸಲಾಯಿತು. ಆದರೆ ನದಿ ದಾಟಿದರೆ ಆ ಕಾಗದವನ್ನು ಕೇಳುವವರಿಲ್ಲ.

ಗಡಿಯ ಪ್ರಕರಣಗಳಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಗಮನಿಸಬೇಕಾಗುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಮೂಲ 3ನೇ ಕಲಂ ಪ್ರಕಾರ ಬಾಲ್ಯವಿವಾಹ ತಾನಾಗಿಯೇ ರದ್ದಾಗುವುದಿಲ್ಲ. ಮದುವೆಯ ಹೊತ್ತಿಗೆ ಮಗುವಾಗಿದ್ದವರು ನ್ಯಾಯಾಲಯಕ್ಕೆ ಹೋಗಿ ಅದನ್ನು ರದ್ದುಪಡಿಸಿಕೊಳ್ಳಬೇಕು, ಪ್ರಾಪ್ತ ವಯಸ್ಸು ಬಂದು ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಕರ್ನಾಟಕವು 2016ರ ತಿದ್ದುಪಡಿ ಕಾಯ್ದೆಯಿಂದ ಇದನ್ನು ಬದಲಿಸಿ, ಇಲ್ಲಿ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು ಎಂದು ಮಾಡಿಕೊಂಡಿದೆ. ನದಿಯ ಆಚೆ ದಂಡೆಗೆ ಈ ತಿದ್ದುಪಡಿ ಹೋಗುವುದಿಲ್ಲ. ಆದರೆ ಮೂಲ ಕಾಯ್ದೆಯ 13ನೇ ಕಲಂ ಅಡಿಯಲ್ಲಿ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳಿಂದ ತಡೆಯಾಜ್ಞೆ ತಂದಿದ್ದರೆ, ಅದನ್ನು ಮೀರಿ ನಡೆದ ಮದುವೆಯು 14ನೇ ಕಲಂ ಪ್ರಕಾರ ಮೊದಲಿನಿಂದಲೇ ಅಸಿಂಧು, ಮತ್ತು ಆಜ್ಞೆ ಮೀರಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಈ ಕಲಮುಗಳು ಕೇಂದ್ರದ ಕಾಯ್ದೆಯವು. ಮಂಟಪ ಯಾವ ದಂಡೆಯಲ್ಲಿ ಹಾಕಿದರೂ ಅನ್ವಯಿಸುತ್ತವೆ. ಒಳನಾಡಿನ ತಾಲ್ಲೂಕುಗಳಲ್ಲಿ ತಡೆಯಾಜ್ಞೆಯವರೆಗೆ ಹೋಗುವುದು ಕಡಿಮೆ. ಗಡಿಯಲ್ಲಿ ಅದನ್ನೇ ಮೊದಲು ಮಾಡಬೇಕೆಂಬುದು ಈ ಪ್ರಕರಣದಿಂದ ನನಗೆ ಗಟ್ಟಿಯಾದ ಅಭಿಪ್ರಾಯ.

ಘಟಕದ ಕಾನೂನು ಅಧಿಕಾರಿ ಅರ್ಜಿ ಸಿದ್ಧಪಡಿಸಿದರು, ನಿಷೇಧಾಧಿಕಾರಿ ಅದನ್ನು ಸಲ್ಲಿಸಿದರು. ಅವಸರವಿದ್ದಾಗ ಎದುರಿನವರಿಗೆ ನೋಟಿಸು ಕೊಡುವ ಮೊದಲೇ ಮಧ್ಯಂತರ ಆಜ್ಞೆ ಕೊಡಲು ಅವಕಾಶವಿರುವುದರಿಂದ ಆಜ್ಞೆ ಬೇಗನೆ ಸಿಕ್ಕಿತು. ಅದರ ಪ್ರತಿಯನ್ನು ಎರಡೂ ಕುಟುಂಬಗಳಿಗೆ ತಲುಪಿಸುವಾಗ ಪೊಲೀಸರು ಜೊತೆಗಿದ್ದರು, ಸಮವಸ್ತ್ರದಲ್ಲಿಯೇ. ವರನಿಗೆ 19 ವರ್ಷ. ಗಂಡು 21ರೊಳಗಿದ್ದರೆ ಅವನೂ ಈ ಕಾಯ್ದೆಯ ವ್ಯಾಖ್ಯೆಯಲ್ಲಿ ಮಗುವೇ. ಆದರೂ 18 ದಾಟಿದವನು ಅಪ್ರಾಪ್ತೆಯನ್ನು ಮದುವೆಯಾದರೆ ಶಿಕ್ಷೆಗೆ ಗುರಿಯಾಗುತ್ತಾನೆ. ಈ ವಿಚಿತ್ರವನ್ನು ಅವನ ತಾಯಿಗೆ ತಿಳಿಸಿ ಹೇಳುವುದಕ್ಕೆ ಸಾಕಷ್ಟು ಹೊತ್ತು ಹಿಡಿಯಿತು.

ಮುಂಗಡದ ಮಾತುಕತೆ

ಆಜ್ಞೆ ಬಂದ ಮೇಲೆ ನಿಜವಾದ ಇಕ್ಕಟ್ಟು ಹೊರಬಂತು. ಮುಂಗಡವನ್ನು ಮುಕಾದಮನು, ಅಂದರೆ ಗ್ಯಾಂಗಿಗೆ ಆಳುಗಳನ್ನು ಕೂಡಿಸುವ ಗುತ್ತಿಗೆದಾರನು, ಮಳೆಗಾಲದಲ್ಲೇ ಹಂಚಿದ್ದ. ಅದರಲ್ಲಿ ವರನ ಮನೆಯವರು ಹೊಸ ಜೋಡಿಯ ಹೆಸರಿನಲ್ಲಿ ತೆಗೆದುಕೊಂಡ ಹಣವೂ ಇತ್ತು, ಅದರ ಒಂದು ಪಾಲು ಮದುವೆಯ ಖರ್ಚಿಗೆಂದು ಹುಡುಗಿಯ ತಂದೆಯ ಕೈಸೇರಿ ಹಿರಿಯ ಮಗಳ ಬಾಣಂತನದ ಸಾಲಕ್ಕೆ ಹೋಗಿತ್ತು. ಮದುವೆ ನಿಂತರೆ ಈ ಹಣ ಮರಳಿ ಬರಬೇಕು. ತಾಂಡಾದ ನಾಯಕರು ಮತ್ತು ಅವರ ಸಹಾಯಕರಾದ ಕಾರಭಾರಿಯವರ ಮುಂದೆ ಕೂತಾಗ ಮುಕಾದಮನು ತನ್ನ ಮಾತನ್ನು ಒಂದೇ ಸಾಲಿನಲ್ಲಿ ಹೇಳಿದ: "ನಾ ಹುಡಿಗಿಗಿ ರೊಕ್ಕ ಕೊಟ್ಟಿಲ್ರಿ, ಜೋಡಿಗಿ ಕೊಟ್ಟೀನಿ."

ಸಾಲ ತೀರಿಸುವ ಕೆಲಸ ನಮ್ಮದಲ್ಲ, ನಮ್ಮಲ್ಲಿ ಅದಕ್ಕೆ ಹಣವೂ ಇಲ್ಲ. ಆದರೆ ಮಗುವನ್ನು ದುಡಿಮೆಗಾಗಿ ಒತ್ತೆಯಂತೆ ಇಟ್ಟುಕೊಳ್ಳುವವರಿಗೆ ಬಾಲನ್ಯಾಯ ಕಾಯ್ದೆಯ 79ನೇ ಕಲಂ ಐದು ವರ್ಷದವರೆಗೆ ಕಠಿಣ ಜೈಲುವಾಸ ಮತ್ತು ಒಂದು ಲಕ್ಷ ರೂಪಾಯಿ ದಂಡ ಹೇಳುತ್ತದೆಂಬುದನ್ನೂ, ಮುಂಗಡಕ್ಕಾಗಿ ಮನುಷ್ಯರನ್ನು ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸುತ್ತದೆಂಬುದನ್ನೂ ಅವನಿಗೆ ತಿಳಿಸುವುದು ನಮ್ಮ ಕೆಲಸವಾಗಿತ್ತು. ಬೆದರಿಕೆಯಾಗಿ ಹೇಳಿದ್ದರೆ ಅವನು ಹಣವನ್ನು ಆ ದಿನವೇ ಕೇಳುತ್ತಿದ್ದ. ನಾಯಕರು ತಮ್ಮ ಅನುಭವದಿಂದ ದಾರಿ ತೆಗೆದರು: ವರನ ಮದುವೆಯಾದ ಅಣ್ಣ ಮತ್ತು ಅತ್ತಿಗೆ ಆ ವರ್ಷ ಊರಲ್ಲೇ ಉಳಿಯಬೇಕೆಂದಿದ್ದರು, ಅವರು ಜೋಡಿಯಾಗಿ ಹೋಗುವುದು, ಹುಡುಗಿಯ ತಂದೆಯ ಕೈಸೇರಿದ ಪಾಲನ್ನು ತಂದೆತಾಯಿ ಹಂಗಾಮಿನ ಕೂಲಿಯಲ್ಲಿ ಕಂತುಕಂತಾಗಿ ಮುರಿಸುವುದು. ಕಾನೂನಿನ ಕಣ್ಣಿನಿಂದ ನೋಡಿದರೆ ಇದು ಚೆಂದದ ಪರಿಹಾರವಲ್ಲ. ಮುಂಗಡದ ಪದ್ಧತಿಯನ್ನು ಅದು ಮುಟ್ಟಲಿಲ್ಲ, ಮಗುವಿನ ಕುತ್ತಿಗೆಯಿಂದ ಇಳಿಸಿತು ಅಷ್ಟೆ. ಕಾರ್ಮಿಕ ಇಲಾಖೆಗೆ ನಾನು ಪ್ರತ್ಯೇಕ ಪತ್ರ ಬರೆದೆ, ಅದರ ಪ್ರತಿ ಕಡತದಲ್ಲಿದೆ.

ಸಮಿತಿಯ ಮುಂದೆ

18ರೊಳಗೆ ಮದುವೆಯಾಗುವ ತಕ್ಷಣದ ಅಪಾಯದಲ್ಲಿರುವ ಮಗುವನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವೆಂದು ಬಾಲನ್ಯಾಯ ಕಾಯ್ದೆ ಎಣಿಸುತ್ತದೆ. ಅದರಂತೆ ಬಾಲಕಿಯನ್ನು ವಿಜಯಪುರದಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲಾಯಿತು. ತಾಯಿ ಒಂದು ದಿನದ ಕೂಲಿ ಬಿಟ್ಟು ಕೂಸನ್ನು ಎತ್ತಿಕೊಂಡು ಬಂದಿದ್ದರು. ಸುಲಭದ ದಾರಿ ಬಾಲಕಿಯರ ಬಾಲಮಂದಿರವಾಗಿತ್ತು: ಆದೇಶ ಬರೆದರೆ ಅಂದು ಸಂಜೆಯೇ ಮಂಚ, ಊಟ, ಬೀಗ ಎಲ್ಲ ಸಿಗುತ್ತಿತ್ತು. ಸಂಸ್ಥೆಯಲ್ಲಿ ಇಡುವುದು ಕೊನೆಯ ಆಯ್ಕೆಯಾಗಬೇಕೆಂದು ಕಾಯ್ದೆಯ 3ನೇ ಕಲಂ ಹೇಳುತ್ತದೆ, ಅದೂ ಅಲ್ಲದೆ ಮಗಳನ್ನು ಸರ್ಕಾರ ಎಳೆದುಕೊಂಡು ಹೋಯಿತೆಂಬ ಸುದ್ದಿ ಒಂದು ತಾಂಡಾದಲ್ಲಿ ಹುಟ್ಟಿದರೆ ಸುತ್ತಲಿನ ತಾಂಡಾಗಳಿಂದ ಮತ್ತೆ ಕರೆ ಬರುವುದಿಲ್ಲ. ವಸತಿಯಿರುವ ಶಾಲೆಯನ್ನು ಹುಡುಕೋಣವೆಂದು ನಾನು ವರದಿಯಲ್ಲಿ ಕೋರಿದ್ದೆ. ಬಾಲಕಿಯನ್ನು ಸಮಿತಿಯವರು ನೇರವಾಗಿ ಕೇಳಿದಾಗ, ತನ್ನ ಓರಗೆಯ ಹುಡುಗಿಯೊಬ್ಬಳಿರುವ ಹಾಸ್ಟೆಲು ಆದರೆ ಇರುತ್ತೇನೆಂದಳು.

ಆ ಹಾಸ್ಟೆಲು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯವಾಗಿತ್ತು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಪ್ರವೇಶ ಪರೀಕ್ಷೆಯ ಮೂಲಕ 6ನೇ ತರಗತಿಗೆ ಸೇರಿಸಿಕೊಳ್ಳುತ್ತಾರೆ, ವರ್ಷದ ನಡುವೆ ಬಾಗಿಲು ತೆರೆಯುವುದಿಲ್ಲ. ಕಸ್ತೂರಬಾ ವಿದ್ಯಾಲಯಗಳು 2004ರಲ್ಲಿ ಆರಂಭವಾದದ್ದೇ ಶಾಲೆಯಿಂದ ಹೊರಗುಳಿದ ಹೆಣ್ಣುಮಕ್ಕಳಿಗಾಗಿ, ಆದ್ದರಿಂದ ಅಲ್ಲಿ ನಡುವರ್ಷದಲ್ಲಿಯೂ ಕೇಳಬಹುದು. ತೊಡಕು ಬೇರೆ ಕಡೆಯಿಂದ ಬಂತು. ನಮ್ಮ ಬಾಲಕಿ ಕಾಗದದಲ್ಲಿ ಶಾಲೆ ಬಿಟ್ಟಿರಲೇ ಇಲ್ಲ. ಪ್ರತಿ ವರ್ಷ ದೀಪಾವಳಿಯಿಂದ ಯುಗಾದಿಯವರೆಗೆ ಗೈರಾಗಿ, ಜೂನಿನಲ್ಲಿ ಮತ್ತೆ ಬಂದು, ತರಗತಿಯಿಂದ ತರಗತಿಗೆ ದಾಟುತ್ತ 8ನೇ ತರಗತಿಯ ಹಾಜರಿ ವಹಿಯಲ್ಲಿ ಅವಳ ಹೆಸರು ನಡೆಯುತ್ತಲೇ ಇತ್ತು. ಹೆಸರಿದ್ದ ಕಾರಣ ಅವಳು ಶಾಲೆಯಿಂದ ಹೊರಗುಳಿದವರ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿಲ್ಲದ ಕಾರಣ ಅವಳಿಗೆ ಸೀಟು ಕೇಳಲು ಆಧಾರವಿರಲಿಲ್ಲ. ವಲಸೆ ಹೋಗುವ ಕುಟುಂಬಗಳ ಮಕ್ಕಳಲ್ಲಿ ಇದು ಬಹಳ ಕಾಣುವ ಸ್ಥಿತಿ, ಮತ್ತು ಹೆಸರು ತೆಗೆಯದ ಮುಖ್ಯಶಿಕ್ಷಕರನ್ನು ಇದಕ್ಕೆ ದೂರುವಂತಿಲ್ಲ, ಏಕೆಂದರೆ ಹೆಸರು ತೆಗೆದಿದ್ದರೆ ಎಷ್ಟೋ ಮಕ್ಕಳು ಜೂನಿನಲ್ಲಿಯೂ ಬರುತ್ತಿರಲಿಲ್ಲ. ಮುಖ್ಯಶಿಕ್ಷಕರು ಮೂರು ವರ್ಷದ ಗೈರುಹಾಜರಿಯ ಪಟ್ಟಿ ತೆಗೆದುಕೊಟ್ಟರು, ಸಮಿತಿಯ ಆದೇಶದೊಂದಿಗೆ ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಟ್ಟ ಮೇಲೆ ಸೀಟು ಸಿಕ್ಕಿತು. ಗ್ಯಾಂಗಿನ ಟ್ರ್ಯಾಕ್ಟರು ಹೊರಡುವುದಕ್ಕೆ ಮುಂಚೆ ಅವಳು ಹಾಸ್ಟೆಲು ಸೇರಿದಳು.

ಹುಡುಗಿಗೆ ಜಾಗವಾದ ಕೂಡಲೇ ಅವಳು ಮಾಡುತ್ತಿದ್ದ ಕೆಲಸ ಯಾರ ಮೇಲೆ ಬೀಳುತ್ತದೆಂಬ ಪ್ರಶ್ನೆ ಎದ್ದಿತು. ಕೂಸು ಹೇಗೂ ತಾಯಿಯೊಂದಿಗೆ ಹೋಗಬೇಕು. ಅದನ್ನು ಹಗಲಿಡೀ ನೋಡಿಕೊಳ್ಳಲು 9 ವರ್ಷದ ತಮ್ಮನನ್ನು ಕರೆದೊಯ್ಯುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಒಂದು ಮಗುವಿನ ಶಾಲೆಯನ್ನು ಇನ್ನೊಂದು ಮಗುವಿನ ಶಾಲೆಯಿಂದ ಕೊಂಡ ಹಾಗಾಗುತ್ತಿತ್ತು. ಗಂಡುಮಕ್ಕಳಿಗೆ ಕಸ್ತೂರಬಾ ಇಲ್ಲ. ಹುಡುಗ ಅಜ್ಜಿಯ ಬಳಿ ಉಳಿಯುವುದು, ಮಧ್ಯಾಹ್ನ ಶಾಲೆಯ ಬಿಸಿಯೂಟ, ರಾತ್ರಿಗೆ ಪಡಿತರದ ಅಕ್ಕಿ ಎಂದು ಯೋಜನೆ ಹಾಕಿದೆವು. ಕೂಸಿಗೆ ಮಾತ್ರ ಯಾವ ದಾರಿಯೂ ಸಿಗಲಿಲ್ಲ, ಅದು ಆ ಹಂಗಾಮಿನುದ್ದಕ್ಕೂ ಕಬ್ಬಿನ ಬದುವಿನ ಮೇಲೆಯೇ ಇತ್ತು. ಪಡಿತರ ತರಲು ಹೋದಾಗ ಅಜ್ಜಿಯ ಸವೆದ ಬೆರಳನ್ನು ಯಂತ್ರ ಹಿಡಿಯಲಿಲ್ಲ. ಅವರಿಗೆ ವಿನಾಯಿತಿ ಮಾಡಿಸಲು ಆಹಾರ ಇಲಾಖೆಗೆ ಓಡಾಡಿದ್ದು ನ್ಯಾಯಾಲಯಕ್ಕೆ ಓಡಾಡಿದ್ದಕ್ಕಿಂತ ಕಡಿಮೆಯೇನಿರಲಿಲ್ಲ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ, ವರ್ಷಕ್ಕೆ 72,000 ರೂಪಾಯಿಯೊಳಗೆ ಆದಾಯವಿರುವ ಗ್ರಾಮೀಣ ಕುಟುಂಬದ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ಹುಡುಗನಿಗಾಗಿ ಅರ್ಜಿ ಹಾಕಿಸಿದೆವು. ಗೃಹ ಪರಿಶೀಲನೆ, ಆದಾಯ ಪತ್ರ, ಬ್ಯಾಂಕ್ ಖಾತೆ, ಅನುಮೋದನಾ ಸಮಿತಿಯ ಸಭೆ ಇಷ್ಟೂ ಆಗಿ ಮಂಜೂರಾಗುವಷ್ಟರಲ್ಲಿ ಕಬ್ಬು ಮುಗಿದಿತ್ತು. ಮುಕಾದಮನ ರೊಕ್ಕ ಮಳೆಗಾಲದಲ್ಲಿ ಒಂದೇ ಗಂಟಾಗಿ ಬರುತ್ತದೆ, ಸರ್ಕಾರದ್ದು ಬೇಸಿಗೆಯಲ್ಲಿ ತಿಂಗಳ ಲೆಕ್ಕದಲ್ಲಿ. ಯಾವುದು ಕುಟುಂಬದ ನಿರ್ಧಾರವನ್ನು ಬದಲಿಸುತ್ತದೆಂಬುದು ಯಾರಿಗಾದರೂ ತಿಳಿಯುವ ಮಾತು.

ನಂತರದ ತಿಂಗಳುಗಳು

ಹಾಸ್ಟೆಲಿನಲ್ಲಿ ಮೊದಲ ದಿನಗಳು ಸುಲಭವಾಗಿರಲಿಲ್ಲ. ಕೂಸು ನೆನಪಾಗಿ ಅವಳು ಊಟ ಬಿಟ್ಟದ್ದುಂಟು, ಕಬ್ಬಿನ ಹೊಲದಿಂದ ತಾಯಿಯ ಫೋನು ಬಂದ ರಾತ್ರಿ ಅಳುತ್ತಿದ್ದಳೆಂದು ವಾರ್ಡನ್ ತಿಳಿಸಿದ್ದುಂಟು. ಗಣಿತದಲ್ಲಿ ಅವಳು 5ನೇ ತರಗತಿಯ ಮಟ್ಟದಲ್ಲಿದ್ದಳು. ಸಂಕ್ರಾಂತಿಯ ಹೊತ್ತಿಗೆ ವಾರ್ಡನ್ ಅವಳಿಗೆ ಚಿಕ್ಕ ಹುಡುಗಿಯರ ಉಸ್ತುವಾರಿ ಕೊಟ್ಟರು. ಕೂಸು ನೋಡಿಕೊಂಡು ಬೆಳೆದವಳಿಗೆ ಅದು ಹಿಡಿಸಿತು, ಆದರೂ ಹಾಸ್ಟೆಲಿನಲ್ಲಿಯೂ ಅವಳ ಪಾಲಿಗೆ ಅದೇ ಕೆಲಸ ಬರಬಾರದೆಂದು ನಾನು ವಾರ್ಡನ್ ಅವರಿಗೆ ಹೇಳಬೇಕಾಯಿತು. ವರ್ಷದ ಕೊನೆಗೆ 8ನೇ ತರಗತಿ ಮುಗಿಸಿದಳು. ತಮ್ಮ ಅಜ್ಜಿಯ ಬಳಿ ಉಳಿದ, ಆದರೆ ಫೆಬ್ರವರಿಯಲ್ಲಿ ಜ್ವರ ಬಂದ ನೆಪದಲ್ಲಿ ತಂದೆ ಬಂದು ಅವನನ್ನು ಹೊಲಕ್ಕೆ ಕರೆದೊಯ್ದರು.

ವರನ ಕಡೆಯವರು ಅದೇ ಬೇಸಿಗೆಯಲ್ಲಿ ನದಿಯಾಚೆಯ ಒಂದು ತಾಂಡಾದಿಂದ ಹುಡುಗಿಯನ್ನು ನೋಡಿದ್ದಾರೆಂಬ ಸುದ್ದಿ ಕಾರಭಾರಿಯವರಿಂದ ಬಂತು. ಅವಳ ವಯಸ್ಸು ಎಷ್ಟೆಂದು ಅವರಿಗೂ ತಿಳಿದಿರಲಿಲ್ಲ. ಅಲ್ಲಿನ ಜಿಲ್ಲಾ ಘಟಕಕ್ಕೆ ಲಿಖಿತವಾಗಿಯೂ ಫೋನಿನ ಮೂಲಕವೂ ತಿಳಿಸಿದೆ. ಒಂದು ಗ್ಯಾಂಗಿಗೆ ಜೋಡಿ ಬೇಕಾಗಿದ್ದಾಗ ಇಲ್ಲಿ ತಪ್ಪಿದ್ದು ಬೇರೆಲ್ಲೋ ಬೀಳುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಪ್ರಕರಣವನ್ನು ಯಶಸ್ಸೆಂದು ಬರೆಯಲು ನನಗೆ ಸಾಧ್ಯವಾಗಲಿಲ್ಲ.

ಬಾಲಕಿಗೆ 18 ತುಂಬುವವರೆಗೆ ಕಡತ ತೆರೆದಿರುತ್ತದೆ. ಮುಂದಿನ ಪರಿಶೀಲನೆಯನ್ನು ಕಚೇರಿಯ ರೂಢಿಯಂತೆ ಮಾರ್ಚ್ ತಿಂಗಳಿಗೆ ಇಡುವ ಬದಲು, ಕಾರ ಹುಣ್ಣಿಮೆ ಕಳೆದು ಮುಕಾದಮರು ತಾಂಡಾಗಳಿಗೆ ಮುಂಗಡ ಹಿಡಿದು ಬರುವ ಜುಲೈ ತಿಂಗಳಿಗೆ ಇಡಬೇಕೆಂದೂ, ತಮ್ಮನ ಪ್ರಾಯೋಜಕತ್ವದ ನವೀಕರಣವನ್ನು ಆ ಹೊತ್ತಿಗೆ ಮುಗಿಸಿರಬೇಕೆಂದೂ ಸಮಿತಿಯನ್ನು ಕೋರಿದೆ. ಸಮಿತಿ ಒಪ್ಪಿ ಆದೇಶದಲ್ಲಿ ಹಾಗೆಯೇ ಬರೆಯಿತು, ಮತ್ತು ಆ ಭಾಗದ ಉಳಿದ ತಾಂಡಾಗಳ ಇಂಥ ಕಡತಗಳ ಪರಿಶೀಲನೆಯನ್ನೂ ಅದೇ ತಿಂಗಳಿಗೆ ತರುವಂತೆ ಸೂಚಿಸಿತು.